ತಂಗಿಯ ರೈಫಲ್ಲಿನ ಹೊಸ ಟ್ರಿಗರ್

ಹೊಲಿಗೆ ಮಿಷನ್ನಿಗೆ ಒಂದು ಬಿಡಿಭಾಗ ಬೇಕೆಂದರೆ ಎರಡು ಥರ ಸಿಗುತ್ತದೆ. ಮಿಷನ್ ಮಾಡಿದ ಕಂಪನಿಯದೇ ಒಂದು, ಹೊರಗಿನವರು ಮಾಡಿ ಮಾರುವುದು ಇನ್ನೊಂದು. ಹೊರಗಿನದನ್ನೆಲ್ಲ ಡುಪ್ಲಿಕೇಟ್ ಎಂದು ಮೂಗು ಮುರಿಯುವವರು ರಾಯದುರ್ಗದ ಜೀನ್ಸ್ ಯೂನಿಟ್ಟುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಆ ಗುಂಪಿನವಳಲ್ಲ. ಕಂಪನಿಯ ಮುದ್ರೆ ಇದ್ದ ಭಾಗ ಒಂದು ಹಬ್ಬದಿಂದ ಇನ್ನೊಂದು ಹಬ್ಬಕ್ಕೆ ಸವೆದುಹೋದದ್ದನ್ನೂ ಕಂಡಿದ್ದೇನೆ, ಹೆಸರಿಲ್ಲದ ಲೇತ್ ಅಂಗಡಿಯವನು ಕಡೆದು ಕೊಟ್ಟದ್ದು ದಪ್ಪ ಡೆನಿಮ್ ಮೇಲೆ ವರ್ಷಗಟ್ಟಲೆ ಓಡಿದ್ದನ್ನೂ ಕಂಡಿದ್ದೇನೆ. ಯಾರು ಮಾಡಿದರು ಎನ್ನುವುದಕ್ಕಿಂತ, ಅದು ಯಾರ ಕೈಯಲ್ಲಿ, ಎಂಥ ಧೂಳಿನಲ್ಲಿ ಓಡಬೇಕು ಎನ್ನುವುದನ್ನು ಮೊದಲು ನೋಡಬೇಕು. ಇದು ನಾನು ಎಲ್ಲರಿಗೂ ಹೇಳುವ ಮಾತು.

ಈಗ ಈ ಕಡೆಯ ಊರುಗಳಲ್ಲೂ ಮಕ್ಕಳು ಶೂಟಿಂಗ್ ಸ್ಪರ್ಧೆಗೆ ಹೋಗುತ್ತಾರೆ. ಅವರ ತಂದೆತಾಯಿ ನನ್ನ ಹತ್ತಿರ ಬಂದು, "ರೈಫಲ್ಲಿನ ಟ್ರಿಗರ್ ಗಟ್ಟಿ ಐತಂತ್ರಿ. ಹೊರಗಿಂದು ಹಾಕಿಸಿದ್ರ ನಡೀತೈತೇನ್ರಿ? ಎಷ್ಟು ದಿನ ಬರತೈತ್ರಿ?" ಎಂದು ಕೇಳುತ್ತಾರೆ. ನಮ್ಮ ಬೀದಿಯಲ್ಲಿ ಅಂಥದ್ದನ್ನು ಚೌಕಾಸಿ ಮಾಡಿ ತಂದವಳು ನಾನೊಬ್ಬಳೇ ಎಂಬುದು ಅವರಿಗೆ ಗೊತ್ತು. ಗೊತ್ತಿದ್ದಷ್ಟು ಹೇಳಿ ಕಳಿಸುತ್ತೇನೆ. ತಂಗಿಯ ವಿಷಯ ಮಾತ್ರ ಹೇಳುವುದಿಲ್ಲ. ಅಮ್ಮ ತೀರಿಹೋಗಿ ಬಹಳ ಕಾಲವಾಯಿತಾದ್ದರಿಂದ, ತಂಗಿಯನ್ನು ಕೇಳಿಯೇ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮಡಕಶಿರದ ಕಡೆ, ರೊಳ್ಳದ ಹತ್ತಿರದ ಊರು. ಅಪ್ಪ ತೀರಿಕೊಂಡಾಗ ತಂಗಿ ಇನ್ನೂ ತೊದಲು ಮಾತಾಡುತ್ತಿದ್ದಳು. ಅಮ್ಮ ರೇಷ್ಮೆ ಹುಳು ಸಾಕಿ ನಮ್ಮಿಬ್ಬರನ್ನು ಬೆಳೆಸಿದಳು. ಒಂದು ಸಲ ನಮ್ಮ ತೋಟದ ಸೊಪ್ಪು ಸಾಲದೆ, ಪಕ್ಕದವರ ಬದುವಿನ ಮೇಲಿದ್ದ ಹಿಪ್ಪುನೇರಳೆ ಸೊಪ್ಪನ್ನು ಕೇಳಿಕೊಂಡು ಕೊಯ್ದು ತಂದು ಹುಳುಗಳಿಗೆ ಹಾಕಿದಳು. ಆ ಹೊಲದ ಕಡಲೆಕಾಯಿಗೆ ಹಿಂದಿನ ದಿನ ಔಷಧಿ ಹೊಡೆದಿದ್ದರು. ಅವಳಿಗೆ ಗೊತ್ತಿರಲಿಲ್ಲ, ಹೇಳಬೇಕಾದವರು ಮರೆತಿದ್ದರು. ಇನ್ನೇನು ಗೂಡು ಕಟ್ಟಬೇಕಾಗಿದ್ದ ಹುಳುಗಳೆಲ್ಲ ತಟ್ಟೆಗಳಲ್ಲೇ ಹಸಿರು ಕಕ್ಕಿ ಸತ್ತವು. "ನನ್ ಕೈಯಾರೆ ಇಕ್ಕಿದೆ ಕಣ್ರವ್ವ, ನನ್ ಕೈಯಾರೆ" ಎಂದು ಅಮ್ಮ ತಟ್ಟೆಗಳ ಮುಂದೆ ಕೂತವಳು ಏಳಲಿಲ್ಲ. ಊಟ ಬಿಟ್ಟಳು. ಯಾರು ಸಮಾಧಾನ ಹೇಳಿದರೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಅಂದಿನಿಂದ ಮನೆಯಲ್ಲಿ ಹಾಲು ಒಡೆದರೂ ಸರಿ, ನಮ್ಮಲ್ಲಿ ಒಬ್ಬರಿಗೆ ಜ್ವರ ಬಂದರೂ ಸರಿ, ಅವಳು ಒಮ್ಮೆ ತನ್ನ ಕೈ ತಿರುಗಿಸಿ ನೋಡಿಕೊಳ್ಳುವಳು. ಹುಳು ಸಾಕುವುದನ್ನು ಆಮೇಲೆ ಅವಳು ಮುಟ್ಟಲಿಲ್ಲ. ಊರಿನ ಹೆಂಗಸೊಬ್ಬಳು ರಾಯದುರ್ಗದಲ್ಲಿ ಪ್ಯಾಂಟಿನ ಕೆಲಸವಿದೆ ಎಂದಳು. ಮೂವರೂ ಪಾವಗಡ, ಕಲ್ಯಾಣದುರ್ಗ ದಾಟಿ ಬಂದುಬಿಟ್ಟೆವು.

ಬಂದ ಹೊಸದರಲ್ಲಿ ನಾನು ಹೊಲಿದ ಪ್ಯಾಂಟುಗಳ ಹೆಚ್ಚಿನ ದಾರ ಕತ್ತರಿಸುತ್ತಿದ್ದೆ. ಆಮೇಲೆ ಜೇಬು ಹೊಲಿಯುವುದು ಕಲಿತೆ, ಆಮೇಲೆ ಪೂರ್ತಿ ಪ್ಯಾಂಟು. ಮಾಲೀಕರು ಯಾವ ವ್ಯಾಪಾರಿಯ ಹತ್ತಿರ ಹೇಗೆ ಮಾತಾಡುತ್ತಾರೆ ಎನ್ನುವುದನ್ನು ಮಿಷನ್ ತುಳಿಯುತ್ತಲೇ ಕೇಳಿಸಿಕೊಳ್ಳುತ್ತಿದ್ದೆ. ಮುಚ್ಚಿದ ಯೂನಿಟ್ಟುಗಳ ಹಳೇ ಮಿಷನ್ನುಗಳನ್ನು ಒಂದೊಂದಾಗಿ ಕೊಂಡು, ಬಾಡಿಗೆ ಶೆಡ್ಡಿನಲ್ಲಿ ನನ್ನದೇ ಯೂನಿಟ್ಟು ಮಾಡಿದೆ. ಶೆಡ್ಡಿನ ಹಿಂದೆಯೇ ನಮ್ಮ ಮನೆ. ಯೂನಿಟ್ಟಿನಲ್ಲಿ ಎಣ್ಣೆ ಡಬ್ಬಿಯ ಅಧಿಕಾರ ಅಮ್ಮನದು. ಬೆಳಿಗ್ಗೆ ಕರೆಂಟ್ ಹಾಕುವ ಮೊದಲು ಎಲ್ಲ ಮಿಷನ್ನುಗಳ ತೂತಿಗೂ ಎಣ್ಣೆ ಬಿಟ್ಟು, ಬಟ್ಟೆಯಿಂದ ಉದುರಿ ಕೂತ ನೀಲಿ ಹೊಟ್ಟನ್ನು ಒರೆಸುವಳು. ಯಾವುದಾದರೂ ಮಿಷನ್ ಕಿರುಗುಟ್ಟಿದರೆ ಓಡಿ ಬಂದು ಎಣ್ಣೆ ಬಿಟ್ಟು, "ಎಂಗ್ ಸುಮ್ಕಾಯ್ತು ನೋಡು, ಅದುಕ್ಕೂ ಹಸಿವಾಗ್ತೈತೆ" ಎನ್ನುವಳು. ಹುಳು ಸತ್ತ ಮೇಲೆ ಅವಳ ಕೈ ಧೈರ್ಯವಾಗಿ ಮುಟ್ಟಿದ ಕೆಲಸ ಅದೊಂದೇ.

ತಂಗಿ ಹೈಸ್ಕೂಲಿನಲ್ಲಿ ಎನ್‌ಸಿಸಿ ಸೇರಿದಳು. ಒಂದು ಕ್ಯಾಂಪು ಮುಗಿಸಿ ಬಂದವಳು ತಟ್ಟೆ ಮುಂದೆ ಕೂತು, ಮುದ್ದೆ ಮುರಿಯದೆ, "ಅಕ್ಕ, ನಾನು ಹೊಡೆದಿದ್ದೆಲ್ಲ ಒಂದೇ ತೂತ್ನಾಗೆ ಹೋಗೈತೆ. ಗುರಿ ಹಲಗೆ ತೆಗೆದು ನೋಡಿ ಕಲಿಸೋರೇ ನಗ್ತಿದ್ರು" ಎಂದಳು. ನಾನು ಹುಡುಗಾಟದ ಮಾತು ಅಂದುಕೊಂಡೆ. ಆದರೆ ಕೆಲವೇ ದಿನಕ್ಕೆ ಬೊಮ್ಮನಹಾಳ್ ಕಡೆಯ ನಿವೃತ್ತ ಸುಬೇದಾರರೊಬ್ಬರು ಯೂನಿಟ್ಟಿಗೇ ಬಂದರು. ಮುಚ್ಚಿಹೋದ ಕಡಲೆಕಾಯಿ ಮಿಲ್ಲಿನ ಗೋದಾಮಿನಲ್ಲಿ ಅವರು ಮಕ್ಕಳಿಗೆ ಏರ್ ರೈಫಲ್ ಕಲಿಸುತ್ತಿದ್ದರು.

"ನೋಡ್ರಿ ಅಕ್ಕಾರ," ಎಂದರು, ಸ್ಟೂಲಿನ ಮೇಲೆ ಕೂತು. "ನಿಮ್ಮ ತಂಗಿ ಕೈ ಕಲ್ಲಿದ್ದಂಗ ಐತಿ. ಇಂಥ ಕೈ ನಾನು ಪಲ್ಟನ್‌ನಾಗೂ ಭಾಳ ನೋಡಿಲ್ಲ. ಒಂದು ಚಲೋ ರೈಫಲ್ ಕೊಡಸ್ರಿ."

"ಬಂದೂಕು ತಂದು ನಾವೇನ್ ಮಾಡಾಣ ಸಾರ್, ಯಾರನ್ನ ಹೊಡೆಯಾಣ" ಎಂದಳು ಅಮ್ಮ, ಎಣ್ಣೆ ಡಬ್ಬಿ ಹಿಡಿದುಕೊಂಡೇ.

"ಕಾಗದ ಹೊಡೀತಾಳ್ರಿ ಅವ್ವಾರ. ಕಾಗದ ಹೊಡೆದು ಸರ್ಕಾರಿ ಕೆಲಸಕ್ಕ ಹೋಗ್ತಾಳ. ರಾಜ್ಯದ ತಂಡಕ್ಕ ಸೇರಿದ್ಲಂದ್ರ ಸ್ಪೋರ್ಟ್ಸ್ ಕೋಟಾ ಐತ್ರಿ."

ಸರ್ಕಾರಿ ಕೆಲಸ ಎಂದ ಮೇಲೆ ಅಮ್ಮ ಸ್ಟೂಲಿನ ಹತ್ತಿರ ಬಂದು ಟೀ ಇಟ್ಟಳು.

ಬೆಂಗಳೂರಿನಲ್ಲಿ ಆಟ ಬಿಟ್ಟವರೊಬ್ಬರ ಹಳೆಯ ವಿದೇಶಿ ಏರ್ ರೈಫಲ್ ಸುಬೇದಾರರ ಮೂಲಕ ಸಿಕ್ಕಿತು. ಗಾಳಿಯ ಒತ್ತಡಕ್ಕೆ ಚಿಕ್ಕ ಸೀಸದ ಗುಂಡು ಹಾರುವ, ಸ್ಪರ್ಧೆಗೆಂದೇ ಮಾಡಿದ ರೈಫಲ್. ನಳಿಗೆ ಹೊಸದರಂತಿತ್ತು. ಟ್ರಿಗರ್ ಮಾತ್ರ ಸವೆದಿತ್ತು. ಒತ್ತಿದರೆ ಮರಳಿನ ಮೇಲೆ ಚಪ್ಪಲಿ ಎಳೆದಂತೆ ಕರಕರ ಎನ್ನುವುದು, ಯಾವಾಗ ಬಿಡುತ್ತದೆ ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಸುಬೇದಾರರು ಅದನ್ನು ಬಿಚ್ಚಿ ತೋರಿಸಿದರು. ಒಳಗೆ ಎರಡು ಉಕ್ಕಿನ ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ಅವು ಕಚ್ಚುವ ಜಾಗ ಉಗುರಿನ ತುದಿಯಷ್ಟೂ ಇಲ್ಲ. ಬೆರಳು ಒತ್ತಿದಾಗ ಒಂದು ಜಾರಿ ಇನ್ನೊಂದನ್ನು ಬಿಡಬೇಕು. "ಬಾಗಿಲ ಚಿಲಕ ಇದ್ದಂಗ್ರಿ. ಸ್ವಲ್ಪ ಕಚ್ಚಿದ್ರ ಹಗುರ ತೆಗೀತೈತಿ. ಅತಿ ಸ್ವಲ್ಪ ಕಚ್ಚಿದ್ರ ಗಾಳಿಗೂ ತೆಗೀತೈತಿ." ಆ ಕಂಪನಿಯವರು ಹಳೆಯ ಮಾದರಿಯ ಟ್ರಿಗರ್ ಮಾಡುವುದನ್ನು ನಿಲ್ಲಿಸಿದ್ದರು. ಹೊರಗಿನದೇ ಗತಿ.

ಬಿಡಿಭಾಗ ಎಂದ ಮೇಲೆ ಅದು ನನ್ನ ಕೆಲಸ. ಬೆಂಗಳೂರಿಗೆ ಮಿಷನ್ ಸಾಮಾನಿಗೆ ಹೋದಾಗ, ಸುಬೇದಾರರು ಹೇಳಿದ ಅಂಗಡಿ ಹುಡುಕಿಕೊಂಡು ಹೋದೆ. ಅಂಗಡಿಯವನು ಚಿಕ್ಕ ಪೆಟ್ಟಿಗೆಯಿಂದ ಹೊಳೆಯುವ ಟ್ರಿಗರ್ ತೆಗೆದು ಕೌಂಟರ್ ಮೇಲೆ ಬಟ್ಟೆ ಹಾಸಿ ಇಟ್ಟ, ಒಡವೆ ತೋರಿಸುವವನ ಹಾಗೆ.

"ಸ್ಪರ್ಧೆಗೆ ಅಂತಲೇ ಮಾಡಿರೋದು ಮೇಡಂ. ಬೆರಳು ಇಟ್ರೆ ಸಾಕು."

"ಇವತ್ತು ಬೆರಳು ಇಟ್ರೆ ಸಾಕು. ಎರಡು ವರ್ಷ ಆದ್ಮೇಲೆ?"

"ಲೈಫ್‌ಲಾಂಗ್ ಮೇಡಂ."

"ಯಾರ ಲೈಫು? ನಂದಾ, ನಿಂದಾ, ಇದರದಾ?"

ಪಕ್ಕದಲ್ಲಿ ಟೀ ಕುಡಿಯುತ್ತಿದ್ದವನಿಗೆ ನಗು ಬಂದು ಟೀ ಮೂಗಿಗೆ ಹತ್ತಿತು. ನಾನು ಬೆಲೆಯ ಮಾತೇ ಎತ್ತದೆ, "ನಿನ್ನ ಹತ್ರ ತಗೊಂಡು ಎರಡು ವರ್ಷ ಓಡಿಸಿದೋರು ಯಾರಾದ್ರೂ ಇದ್ರೆ ಫೋನ್ ಹಚ್ಚಿಕೊಡಪ್ಪ. ಹೊಗಳೋರು ಬೇಡ, ನಿನ್ನ ಬೈಯೋರು ಬೇಕು" ಎಂದೆ.

"ಬೈಯೋರ ನಂಬರ್ ಯಾರು ಇಟ್ಕೋತಾರೆ ಮೇಡಂ."

"ಅವರೇ ನಿಂಗೆ ಮಾಡ್ತಿರ್ತಾರಲ್ಲ, ನೋಡು, ಇರುತ್ತೆ."

ಕೊನೆಗೆ ಒಬ್ಬರಿಗೆ ಫೋನ್ ಮಾಡಿ ಕೊಟ್ಟ. ಅವರು ಚೆನ್ನಾಗಿಯೇ ಬೈದರು. ಅಂಗಡಿಯವನು ಸಾಮಾನು ತಡವಾಗಿ ಕಳಿಸಿದ್ದಕ್ಕೆ ಬೈದರು, ಫೋನ್ ಎತ್ತದ್ದಕ್ಕೆ ಬೈದರು. ಟ್ರಿಗರ್ ಬಗ್ಗೆ ಕೇಳಿದರೆ, ಉಕ್ಕು ಸವೆದಿಲ್ಲ, ಆದರೆ ಸಣ್ಣ ಸ್ಕ್ರೂ ಹೊಡೆತಕ್ಕೆ ಸಡಿಲವಾಗುತ್ತದೆ, ಅದನ್ನು ನೋಡಿಕೊಳ್ಳುತ್ತಿರಬೇಕು, ಧೂಳು ಸೇರಿಸಬಾರದು ಎಂದರು. ದೂರು ಹೇಳುವವರು ಬಿಟ್ಟುಬಿಟ್ಟ ಮಾತೇ ಸಾಮಾನಿನ ಗುಣ. ನಾನು ಅದನ್ನು ನಂಬಿ ಕೊಂಡೆ. ಹಳೆಯ ಟ್ರಿಗರ್ ಕೊಟ್ಟರೆ ಬೆಲೆ ಇಳಿಸುತ್ತೇನೆ ಎಂದ ಅಂಗಡಿಯವನು. ಕೊಡಲಿಲ್ಲ. ಯಾರಿಗೇ ಆಗಲಿ ಇದನ್ನು ಒತ್ತಿ ಹೇಳುತ್ತೇನೆ, ಬಿಚ್ಚಿದ ಹಳೆಯ ಭಾಗ ಎಷ್ಟೇ ಕೆಟ್ಟದ್ದಿರಲಿ, ಕೈಬಿಡಬೇಡಿ.

ಸುಬೇದಾರರು ಹೊಸ ಟ್ರಿಗರ್ ಕೂರಿಸಿದ ದಿನ ನಾನೂ ಗೋದಾಮಿನಲ್ಲಿದ್ದೆ. ತಂಗಿ ಇನ್ನೂ ಹಗುರ ಮಾಡಿ, ಇನ್ನೂ ಹಗುರ ಮಾಡಿ ಎಂದು ಕೇಳುತ್ತಿದ್ದಳು. ಅವರು ಒಪ್ಪಲಿಲ್ಲ. ಗುಂಡು ಹಾಕದೆ ರೈಫಲ್ ಸಜ್ಜು ಮಾಡಿ, ಹಿಂಬದಿಯನ್ನು ಚಾಪೆಯ ಮೇಲೆ ಕುಟ್ಟಿದರು. ಹಾಗೆ ಕುಟ್ಟಿದಾಗ ತಾನಾಗಿ ಬಿಟ್ಟುಕೊಂಡರೆ ಅದು ಅತಿ ಹಗುರವಾಗಿದೆ ಎಂದು ಅರ್ಥ. ಬಿಡಲಿಲ್ಲ. ಆಮೇಲೆ ನಮ್ಮಿಬ್ಬರನ್ನೂ ಎದುರು ನಿಲ್ಲಿಸಿಕೊಂಡು ಹೇಳಿದರು: "ಇದು ಒಣಗೇ ಇರಬೇಕು. ಎಣ್ಣಿ ಇದಕ್ಕ ಆಗೂದಿಲ್ಲ. ಎಣ್ಣಿ ಧೂಳು ಹಿಡೀತೈತಿ, ಧೂಳು ಕಚ್ಚೂ ಜಾಗದಾಗ ಕುಂದರತೈತಿ. ಒಣ ಬಟ್ಟಿ, ಅಷ್ಟ." ಅಮ್ಮ ಅಲ್ಲಿರಲಿಲ್ಲ. ಗುಂಡು ಹಲಗೆಗೆ ಬಡಿಯುವ ಸದ್ದಿಗೆ ಅವಳ ಎದೆ ಹಾರುತ್ತಿತ್ತು, ಗೋದಾಮಿನ ಕಡೆಗೇ ಬರುತ್ತಿರಲಿಲ್ಲ.

ಎರಡು ವರ್ಷ ಆ ಟ್ರಿಗರ್ ಒಂದು ದಿನವೂ ಕೈಕೊಡಲಿಲ್ಲ. ತಂಗಿ ದಿನಾ ಸಂಜೆ ಗೋದಾಮಿಗೆ ಹೋಗುವಳು. ಗೋಡೆ ಬಿರುಕುಗಳಿಂದ ಹಳೆಯ ಕಡಲೆಕಾಯಿ ಹೊಟ್ಟಿನ ಧೂಳು ಉದುರುತ್ತಲೇ ಇರುತ್ತಿದ್ದ ಜಾಗ ಅದು. ಆದರೂ ಒಣಗಿದ್ದರಿಂದ ಧೂಳು ಒಳಗೆ ನಿಲ್ಲುತ್ತಿರಲಿಲ್ಲ. ಸುಬೇದಾರರು ಆಗಾಗ ಬಿಚ್ಚಿ, ಭೂತಗನ್ನಡಿ ಹಿಡಿದು ಆ ಉಗುರಿನ ತುದಿಯಷ್ಟು ಜಾಗ ನೋಡಿ, "ಅಂಚು ಹಂಗ ಐತ್ರಿ" ಎಂದು ಮತ್ತೆ ಕೂರಿಸುವರು. ನನ್ನ ಆಯ್ಕೆಗೆ ನಾನೇ ಬೀಗುತ್ತಿದ್ದೆ. ತಂಗಿ ಜಿಲ್ಲೆಯ ಮಟ್ಟದಲ್ಲಿ ಗೆದ್ದು ತಂದ ಪದಕಗಳನ್ನು ಅಮ್ಮ ಯೂನಿಟ್ಟಿನ ದೇವರ ಪಟದ ಮೊಳೆಗೇ ನೇತುಹಾಕಿದಳು. ಬಟ್ಟೆ ಕೊಳ್ಳಲು ಬಂದ ಬಳ್ಳಾರಿಯ ವ್ಯಾಪಾರಿಗಳಿಗೆ ಮೊದಲು ಪದಕ ತೋರಿಸಿ ಆಮೇಲೆ ಪ್ಯಾಂಟು ತೋರಿಸಬೇಕಾಗುತ್ತಿತ್ತು.

ಆ ವರ್ಷ ಜೂನಿಯರ್ ವಿಭಾಗದಲ್ಲಿ ತಂಗಿಗೆ ಕೊನೆಯ ವರ್ಷ. ಅನಂತಪುರದಲ್ಲಿ ನಡೆಯುವ ಆಯ್ಕೆಯಲ್ಲಿ ಗೆದ್ದರೆ ರಾಜ್ಯದ ತಂಡ, ಅಲ್ಲಿಂದ ಕೋಟಾ, ಕೆಲಸ. ಸೋತರೆ ದೊಡ್ಡವರ ಜೊತೆ ಹೊಸದಾಗಿ ಮೊದಲಿನಿಂದ ಶುರುಮಾಡಬೇಕು. ಅಷ್ಟರಲ್ಲಿ ಯೂನಿಟ್ಟುಗಳಿಗೆ ಕೆಲಸವೂ ಕಡಿಮೆಯಾಗುತ್ತಿತ್ತು, ಹುಡುಗಿಯರು ಗುಂಪುಗುಂಪಾಗಿ ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿಗೆ ಹೊರಡುತ್ತಿದ್ದರು. ತಂಗಿಗೆ ಆ ಬಸ್ಸು ಹತ್ತುವುದು ಬೇಡವಾಗಿತ್ತು. ಮಿಷನ್ ಮುಂದೆ ಕೂತರೆ ಅವಳಿಗೆ ಉಸಿರು ಕಟ್ಟುತ್ತಿತ್ತು. "ಅಲ್ಲಿ ನಿಂತಾಗ ಮಾತ್ರ ಅಕ್ಕ, ನಂಗೆ ನನ್ನ ಉಸಿರು ಕೇಳುಸ್ತೈತೆ" ಎಂದು ಒಮ್ಮೆ ಹೇಳಿದ್ದಳು.

ಆಯ್ಕೆಗೆ ಸ್ವಲ್ಪ ದಿನ ಮೊದಲು ದಸರಾ ಬಂತು. ಸುಬೇದಾರರು ಹಬ್ಬಕ್ಕೆ ತಮ್ಮ ಊರಿಗೆ ಹೋದರು, ನೇರ ಅನಂತಪುರಕ್ಕೇ ಬರುತ್ತೇನೆ ಎಂದು ಹೇಳಿ. ಆಯುಧಪೂಜೆಯ ದಿನ ಯೂನಿಟ್ಟಿನಲ್ಲಿ ಅಮ್ಮನದೇ ಕಾರುಬಾರು. ನಾವು ಬೂದುಗುಂಬಳಕಾಯಿ, ಹೂವು ತರಲು ಹೋಗಿ ಬರುವಷ್ಟರಲ್ಲಿ ಮಿಷನ್ನು, ಕತ್ತರಿ, ಇಸ್ತ್ರಿಪೆಟ್ಟಿಗೆ, ನನ್ನ ಮೊಪೆಡ್ಡು ಎಲ್ಲವನ್ನೂ ತೊಳೆದು ಒರೆಸಿ ಅರಿಶಿನ ಕುಂಕುಮ ಇಟ್ಟಿದ್ದಳು. ಸಾಲಿನ ಕೊನೆಯಲ್ಲಿ, ಹೊಸ ಟವೆಲ್ ಹಾಸಿ, ತಂಗಿಯ ರೈಫಲ್ ಮಲಗಿಸಿದ್ದಳು. ಮರದ ಹಿಡಿಕೆಯ ಮೇಲೆ ಮೂರು ಕುಂಕುಮದ ಬೊಟ್ಟು, ಒಂದು ಸೇವಂತಿಗೆ.

"ಏನವ್ವ, ಇದುಕ್ಕೂವಾ" ಎಂದಳು ತಂಗಿ, ನಗುತ್ತ.

"ನಿಂಗೆ ಅನ್ನ ಕೊಡೋದಲ್ವೇನೆ ಅದು? ಕತ್ರಿಗೆ ಇಕ್ಕಿ ಅದುಕ್ಕೆ ಇಕ್ಕದಿದ್ರೆ ಬೇಜಾರು ಮಾಡ್ಕಳ್ಳಾಕಿಲ್ವಾ?"

ಮಾರನೆಯ ದಿನ ತಂಗಿ ಬೊಟ್ಟುಗಳನ್ನು ಒಣ ಬಟ್ಟೆಯಿಂದ ನಯವಾಗಿ ಒರೆಸಿದಳು. ಹೊರಗೆ ಎಲ್ಲೂ ಎಣ್ಣೆಯ ಜಿಡ್ಡು ಇರಲಿಲ್ಲ, ಅಮ್ಮನ ಕೈ ಅಷ್ಟು ಅಚ್ಚುಕಟ್ಟು. ಅಭ್ಯಾಸಕ್ಕೆ ಹೋಗಿ ಬಂದವಳು, "ಇವತ್ತು ಟ್ರಿಗರ್ ಬೆಣ್ಣೆಯಂಗೆ ಬಂತು ಕಣಕ್ಕ" ಎಂದು ಖುಷಿಪಟ್ಟಳು.

ಅನಂತಪುರಕ್ಕೆ ಅಮ್ಮನೂ ಬಂದಳು. ಮೊಸರನ್ನದ ಬುತ್ತಿ ಕಟ್ಟಿಕೊಂಡು, ಸದ್ದು ಕೇಳದಷ್ಟು ದೂರದಲ್ಲಿ, ಬೇವಿನ ಮರದ ಕೆಳಗೆ ಕೂತಳು. ನಾನು ನೋಡುವವರ ಬೆಂಚಿನಲ್ಲಿ ಕೂತೆ. ಸುಬೇದಾರರು ತಂಗಿಯ ಹಿಂದಿನ ಸಾಲಿನಲ್ಲಿದ್ದರು.

ಅಂಕಕ್ಕೆ ಸೇರದ, ಗುರಿ ನೋಡಿಕೊಳ್ಳಲೆಂದೇ ಬಿಡುವ ಮೊದಲ ಗುಂಡುಗಳಲ್ಲಿ ಒಂದು ಎಲ್ಲೋ ಹೋಯಿತು. ತಂಗಿ ತನ್ನ ಬೆರಳನ್ನು ಒಮ್ಮೆ ನೋಡಿಕೊಂಡಳು, ತಾನೇ ಆತುರಪಟ್ಟೆ ಎಂದುಕೊಂಡಂತಿತ್ತು. ಸ್ಪರ್ಧೆ ಶುರುವಾದ ಮೇಲೆ ಅವಳು ಎಂದಿನ ತಂಗಿಯಾದಳು. ಗುಂಡು ಹಾಕುವುದು, ಕೆನ್ನೆ ಒರಗಿಸುವುದು, ಉಸಿರು ಹಿಡಿಯುವುದು, ಬಿಡುವುದು. ಸುಬೇದಾರರು ತಿರುಗಿ ನನಗೆ ಸಣ್ಣದಾಗಿ ತಲೆಯಾಡಿಸಿದರು. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಆಗ ಅವಳು ಗುಂಡು ಹಾಕಿ ಲಿವರ್ ಮುಚ್ಚಿದಳು ಅಷ್ಟೇ, ಕೆನ್ನೆ ಇನ್ನೂ ರೈಫಲ್ಲಿಗೆ ತಾಗಿರಲಿಲ್ಲ, ಬೆರಳು ಟ್ರಿಗರ್ ಹತ್ತಿರವೂ ಇರಲಿಲ್ಲ, ರೈಫಲ್ ತಾನಾಗಿ ಹಾರಿತು. ಗುಂಡು ಗುರಿಹಲಗೆಯ ಚೌಕಟ್ಟಿಗೆ ಬಡಿಯಿತು.

"ಆಗಮ್ಮಾ, ಗನ್ ಕಿಂದ ಪೆಟ್ಟು" ಎಂದು ರೇಂಜ್ ನೋಡಿಕೊಳ್ಳುವ ಅಧಿಕಾರಿ ತೆಲುಗಿನಲ್ಲಿ ನಿಲ್ಲಿಸಿ, ರೈಫಲ್ ಕೆಳಗಿಡಿಸಿದರು. ಗುಂಡಿಲ್ಲದೆ ಸಜ್ಜು ಮಾಡಿ ಹಿಂಬದಿಯನ್ನು ಮೆಲ್ಲಗೆ ಕುಟ್ಟಿದರು. ಟಕ್ ಎಂದು ಬಿಟ್ಟುಕೊಂಡಿತು. ಈ ಟ್ರಿಗರ್‌ನಿಂದ ಇನ್ನು ಹೊಡೆಯುವಂತಿಲ್ಲ, ಸ್ವಲ್ಪ ಸಮಯ ಕೊಡುತ್ತೇವೆ, ಸರಿಮಾಡಿಕೊಳ್ಳಿ ಎಂದರು. ಚೌಕಟ್ಟಿಗೆ ಬಡಿದ ಗುಂಡಿಗೆ ಸೊನ್ನೆ.

ಮೂಲೆಯ ಮೇಜಿನ ಮೇಲೆ ಸುಬೇದಾರರು ಬಿಚ್ಚಿದರು. ತಂಗಿ ಒಂದು ಕಡೆ, ನಾನು ಇನ್ನೊಂದು ಕಡೆ. ಎರಡು ವರ್ಷ ಕನ್ನಡಿಯಂತೆ ಚೊಕ್ಕವಾಗಿದ್ದ ಜಾಗದಲ್ಲಿ ಕೆಂಪಗೆ ಕೆಸರು ತುಂಬಿತ್ತು. ಕುಂಕುಮ, ಎಣ್ಣೆ, ಅದಕ್ಕೆ ಅಂಟಿದ ಕಡಲೆಕಾಯಿ ಧೂಳು, ನಡುವೆ ಡೆನಿಮ್ಮಿನ ಒಂದೆರಡು ನೀಲಿ ಎಳೆ. ಸುಬೇದಾರರು ಬೆರಳಲ್ಲಿ ತೆಗೆದು ಮೂಸಿದರು. ನಾನು ಮೂಸುವ ಅಗತ್ಯವಿರಲಿಲ್ಲ. ಆ ಎಣ್ಣೆಯ ಡಬ್ಬಿಗಳನ್ನು ಕೊಳ್ಳುವವಳು ನಾನೇ. ತಂಗಿಯ ಮುಖ ನೋಡಿದೆ. ಅವಳಿಗೂ ತಿಳಿದಿತ್ತು.

"ಎಣ್ಣಿ ಯಾರು ಬಿಟ್ರು" ಎಂದರು ಸುಬೇದಾರರು.

ಅವರು ನೀಲಿ ಎಳೆಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ಮತ್ತೆ ಕೇಳಲಿಲ್ಲ. ಪೂರ್ತಿ ತೊಳೆದು ಕೂರಿಸುವಷ್ಟು ಸಮಯವಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಹಳೆಯ ಟ್ರಿಗರ್ ತೆಗೆದು ಹಾಕಿದರು. ಅದು ಕೈಕೊಡಲಿಲ್ಲ, ಪ್ರತಿ ಸಲವೂ ಬಿಟ್ಟಿತು. ಆದರೆ ತಂಗಿಯ ಬೆರಳು ಎರಡು ವರ್ಷ ಹಗುರದ ರುಚಿ ಹಿಡಿದಿತ್ತು. ಆ ಕರಕರ ಎಲ್ಲಿ ಮುಗಿದು ಎಲ್ಲಿ ಬಿಡುತ್ತದೆ ಎಂದು ಕಾಯುವುದರಲ್ಲೇ ಅವಳ ಉಸಿರು ತಪ್ಪುತ್ತಿತ್ತು. ಗುಂಡುಗಳು ನಡುವಿನಿಂದ ಜರುಗುತ್ತ ಹೋದದ್ದನ್ನು ನಾನು ಬೆಂಚಿನಿಂದಲೇ ನೋಡಿದೆ. ಹೊಸ ಟ್ರಿಗರ್ ಹಾಕಿಸಿದವರು ವಾರಕ್ಕೊಂದು ದಿನವಾದರೂ ಹಳೆಯದರಲ್ಲಿ ಅಭ್ಯಾಸ ಮಾಡಿಸಿ ಎಂದು ನಾನು ಹೇಳುವುದು ಇದಕ್ಕೇ. ಆಯ್ಕೆಯಾದವರಲ್ಲಿ ಕೊನೆಯವಳಿಗೂ ತಂಗಿಗೂ ಇದ್ದ ಅಂತರ, ಚೌಕಟ್ಟಿಗೆ ಬಡಿದ ಆ ಒಂದು ಗುಂಡನ್ನು ಅವಳು ಎಂದಿನಂತೆ ಹೊಡೆದಿದ್ದರೆ ಮುಚ್ಚಿಹೋಗುತ್ತಿತ್ತು.

ಹೊರಗೆ ಬರುವ ದಾರಿಯಲ್ಲಿ ತಂಗಿ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು. "ಅಕ್ಕ, ಅವ್ವನಿಗೆ ಹೇಳಬ್ಯಾಡ. ಹುಳಾ ಸತ್ತಾಗ ನೋಡಿದ್ದೀವಲ್ಲ. ಇನ್ನೊಂದು ಸಲ ಅವಳು ಅಂಗೆ ಕೂತ್ರೆ ಏಳಾಕಿಲ್ಲ."

ನಾನು ಹೂಂ ಎಂದೆ. ಸುಬೇದಾರರು ನಮ್ಮ ಹಿಂದೆಯೇ ಇದ್ದರು, ಕೇಳಿಸಿಕೊಂಡರು.

ಅಮ್ಮ ಮರದ ಕೆಳಗಿನಿಂದ ಎದ್ದು ನಿಂತಳು. ನಮ್ಮ ಮುಖ ನೋಡಿಯೇ ತಿಳಿದಿರಬೇಕು. "ಏನಾಯ್ತವ್ವ?"

"ಕೈ ನಡುಗ್ತು ಕಣವ್ವ," ಎಂದಳು ತಂಗಿ. "ಜನ ನೋಡಿ ಎದರಿಕಂಡೆ. ಕೈ ನಡುಗಿಬಿಡ್ತು."

ಅಮ್ಮ ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸುಬೇದಾರರು ಬಸ್ಸಿನ ಹೊತ್ತು ಕೇಳಿ ಬರುತ್ತೇನೆಂದು ಆಚೆ ಹೋದರು. ನಾವು ಮೊಸರನ್ನ ಬಿಚ್ಚಿದೆವು.

ಬಸ್ಸಿನಲ್ಲಿ ಅಮ್ಮ, ಕಲ್ಯಾಣದುರ್ಗ ದಾಟಿದ ಮೇಲೆ ನನ್ನ ಕಡೆ ಬಾಗಿ ಹೇಳಿದಳು: "ಬಂದೂಕಿಂದೇನೂ ತಪ್ಪಿಲ್ಲ ಅಲ್ವೇನೆ? ಹಬ್ಬದ ದಿನ ನಾನೇ ಒಳಿಕ್ಕೆಲ್ಲ ಎಣ್ಣೆ ಬಿಟ್ಟು ಕುಂಕುಮ ಇಕ್ಕಿದ್ನಲ್ಲ. ಪಾಪ, ಒಣಗೋಗಿತ್ತು. ಎಷ್ಟು ದಿನದಿಂದ ಯಾರೂ ಎಣ್ಣೆ ತೋರಿಸಿದಂಗಿರಲಿಲ್ಲ ಅದುಕ್ಕೆ."

"ಇಲ್ಲ ಕಣವ್ವ," ಎಂದೆ. "ಬಂದೂಕಿಂದೇನೂ ತಪ್ಪಿಲ್ಲ."

ಕಿಟಕಿಯ ಹತ್ತಿರ ಕೂತಿದ್ದ ತಂಗಿ ತಿರುಗಿ ನೋಡಲಿ ಎಂದು ಕಾದೆ. ನೋಡಲಿಲ್ಲ.

ಒಂದು ವರ್ಷ ಕಳೆದುಕೊಂಡೆವು ಎಂದುಕೊಂಡೆ ನಾನು. ಟ್ರಿಗರ್ ತೊಳೆದರೆ ಆಯಿತು, ಅಂಚು ಸವೆದಿರಲಿಲ್ಲ, ಸುಬೇದಾರರು ತೊಳೆದು ಪರೀಕ್ಷೆ ಮಾಡಿ ಮೊದಲಿನಂತೆಯೇ ಇದೆ ಎಂದು ಹೇಳಿಯೂ ಕಳಿಸಿದರು. ದೊಡ್ಡವರ ವಿಭಾಗದಲ್ಲಿ ಮತ್ತೆ ಶುರುಮಾಡಿದರೆ ಆಯಿತು. ವ್ಯಾಪಾರದಲ್ಲಿ ಒಂದು ಲೋಡು ಕೆಟ್ಟರೆ ಇನ್ನೊಂದು ಲೋಡು ಹೊಲಿಯುವುದಿಲ್ಲವೇ. ಆದರೆ ನಡುಗುವ ಕೈಯನ್ನು ಅಮ್ಮ ಅಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ. ಮಧ್ಯಾಹ್ನ ಊಟ ಮುಗಿದ ಮೇಲೆ ಹರಳೆಣ್ಣೆ ಬಿಸಿಮಾಡಿ ತಂಗಿಯ ಮೊಣಕೈಯಿಂದ ಬೆರಳ ತುದಿಯವರೆಗೆ ತಿಕ್ಕುವಳು. ನೇಮಕಲ್ಲಿನ ಆಂಜನೇಯನಿಗೆ ಹರಕೆ ಹೊತ್ತು ಬಂದಳು. ಕೈ ನಿಲ್ಲುವವರೆಗೆ ಆ ಬಂದೂಕು ಮುಟ್ಟಬಾರದು ಎಂದು ದೇವರ ಮುಂದೆ ತಂಗಿಯಿಂದ ಮಾತು ತೆಗೆದುಕೊಂಡಳು. ತಂಗಿ ಕೊಟ್ಟಳು.

ಮುಂದಿನ ಸ್ಪರ್ಧೆಗೆ ಹೆಸರು ಕೊಡುವ ದಿನ ಹತ್ತಿರ ಬಂದಾಗ ಸುಬೇದಾರರು ಯೂನಿಟ್ಟಿಗೆ ಬಂದರು. ಅಮ್ಮ ಆಗಲೂ ಎಣ್ಣೆ ತಿಕ್ಕುತ್ತಿದ್ದಳು.

"ಹುಡುಗೀನ ಕಳಸ್ರಿ ಅವ್ವಾರ. ದೊಡ್ಡವರ ವಿಭಾಗದಾಗ ಹೆಸರು ಕೊಡೂಣು."

"ಎಂಗ್ ಕಳಿಸಾಣ ಸಾರ್? ಕೈ ಇನ್ನೂ ನಿಂತಿಲ್ಲ. ನಾಕು ಜನದ ಮುಂದೆ ಇನ್ನೊಂದು ಸಲ ನಡುಗಿದ್ರೆ ನನ್ ಕೂಸಿನ ಗತಿ?"

ಸುಬೇದಾರರು ಅಮ್ಮನ ಮಡಿಲಿನಲ್ಲಿದ್ದ ಆ ಕೈಯನ್ನು ನೋಡಿದರು. ಅದು ಕದಲದೆ ಇತ್ತು. ಬಾಯಿ ತೆರೆದರು. ತಂಗಿ ತಲೆ ಎತ್ತಿ ಅವರನ್ನೇ ನೋಡಿದಳು, ಬೇಡ ಎನ್ನುವ ಹಾಗೆ. ಅವರು ನನ್ನ ಕಡೆ ತಿರುಗಿದರು. ನಾನು ಎಂಥೆಂಥ ವ್ಯಾಪಾರಿಗಳ ಮುಂದೆ ಮಾತು ತಿರುಗಿಸಿದವಳು. ಅಂದು ಒಂದು ಕಡೆ ತಂಗಿಯ ಬದುಕು, ಇನ್ನೊಂದು ಕಡೆ ಅಮ್ಮನ ಬದುಕು. ಯಾವುದನ್ನೂ ಕಡಿಮೆ ಮಾಡಿ ಕೇಳಲು ನನಗೆ ಬಾಯಿ ಬರಲಿಲ್ಲ. ಸುಬೇದಾರರು ಟೀ ಕುಡಿದು, "ಆಗಲ್ರಿ ಅವ್ವಾರ, ಕೈ ನೆಟ್ಟಗಾಗ್ಲಿ" ಎಂದು ಎದ್ದರು.

ಹೆಸರು ಕೊಡುವ ದಿನ ಕಳೆದುಹೋಯಿತು. ರೈಫಲ್ಲನ್ನು ಬೇರೆ ಮಕ್ಕಳಿಗೆ ಇರಲಿ ಎಂದು ತಂಗಿಯೇ ಗೋದಾಮಿಗೆ ಕೊಟ್ಟು ಬಂದಳು. ಟ್ರಿಗರ್ ಅದಾದ ಮೇಲೂ ಬಹಳ ವರ್ಷ ಚೆನ್ನಾಗಿಯೇ ಓಡಿತು ಎಂದು ಕೇಳಿದ್ದೇನೆ. ಯಾರಾದರೂ ಬಾಳಿಕೆ ಕೇಳಿದರೆ ಅದನ್ನೇ ಹೇಳುತ್ತೇನೆ, ಸುಳ್ಳಲ್ಲ.

ಯುಗಾದಿ ಮುಗಿದ ಮೇಲೆ ತಂಗಿ ನಮ್ಮ ಊರಿನ ಕಡೆಯ ಹುಡುಗಿಯರ ಜೊತೆ ಬೆಂಗಳೂರಿನ ಫ್ಯಾಕ್ಟರಿಗೆ ಹೋಗುವುದೆಂದು ತೀರ್ಮಾನವಾಯಿತು. ಯಾರೂ ಬಲವಂತ ಮಾಡಲಿಲ್ಲ. ಯೂನಿಟ್ಟಿನಲ್ಲಿ ಕೆಲಸ ಕಡಿಮೆಯಾಗಿತ್ತು, ಮನೆಯಲ್ಲಿ ಕೂತರೆ ಮಧ್ಯಾಹ್ನದ ಹರಳೆಣ್ಣೆ ತಪ್ಪುತ್ತಿರಲಿಲ್ಲ. ಅವರೆಲ್ಲ ಬಸ್ಸು ಹತ್ತುವ ಮಡಕಶಿರದ ಬಸ್ ಸ್ಟ್ಯಾಂಡಿನವರೆಗೆ ಅಮ್ಮ, ನಾನು ಇಬ್ಬರೂ ಬಿಡಲು ಹೋದೆವು. ಹುಡುಗಿಯರೆಲ್ಲ ಬ್ಯಾಗು ಹತ್ತಿಸಿ ಗದ್ದಲ ಮಾಡುತ್ತಿದ್ದರು. ತಂಗಿ ಕಿಟಕಿಯ ಸೀಟಿನಲ್ಲಿ ಕೂತು, ಕಂಬಿಯ ಮೇಲೆ ಬಲಗೈ ಇಟ್ಟುಕೊಂಡಿದ್ದಳು.

ಅಮ್ಮ ಅವರಲ್ಲಿ ದೊಡ್ಡವಳನ್ನು ಕಿಟಕಿಯ ಹತ್ತಿರ ಕರೆದಳು. "ನೋಡವ್ವ, ಇವಳಿಗೆ ಕೈ ನಡುಗ್ತೈತೆ. ದೊಡ್ಡ ಮಿಷನ್ ಮೇಲೆ ಕೂರಿಸಬ್ಯಾಡ್ರಿ ಅಂತ ಅಲ್ಲಿ ಸೂಪರ್‌ವೈಸರ್‌ಗೆ ಹೇಳು. ಮರೀಬ್ಯಾಡ."

"ಹೌದೇನೆ?" ಎಂದು ಆ ಹುಡುಗಿ ತಂಗಿಯನ್ನು ಕೇಳಿದಳು.

"ಹೂಂ, ಒಸಿ ನಡುಗ್ತೈತೆ" ಎಂದಳು ತಂಗಿ, ಮತ್ತು ಕೈಯನ್ನು ಕಂಬಿಯ ಮೇಲಿಂದ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು.